ಕರಿ ನಾಲ್ಕಕ್ಕೆ ಹಾಡಿದ ರೊದೋಲ್ಫೊ

ಚಳ್ಳಕೆರೆಯಿಂದ ಬಳ್ಳಾರಿವರೆಗಿನ ದಾರಿಯಲ್ಲಿ ಇಟಲಿಯ ಒಪೆರಾ ಕೇಳುವ ಮನುಷ್ಯ ನಾನೊಬ್ಬನೇ ಎಂಬ ಹಮ್ಮು ನನಗೆ ಬಹಳ ವರ್ಷ ಇತ್ತು. ಪೈಪೋಟಿ ಇಲ್ಲದ್ದರಿಂದ ಅದು ಸೊಂಪಾಗಿ ಬೆಳೆದಿತ್ತು. ರಾಂಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಪಕ್ಕದವರು ಶೇಂಗಾ ರೇಟು ಮಾತಾಡುತ್ತಿದ್ದರೆ, ನಾನು ಮನಸ್ಸಿನಲ್ಲೇ ಮರಿಯಾ ಕಲ್ಲಾಸ್ ಮೇಲೋ ರೆನಾಟಾ ತೆಬಾಲ್ದಿ ಮೇಲೋ ಎಂದು ತೂಗುತ್ತಿದ್ದೆ. ಬಾಯಿಬಿಟ್ಟು ಹೇಳಲಿಲ್ಲ. ಕೇಳುವವರು ಇರಲಿಲ್ಲ ಎಂಬುದು ಒಂದು ಕಾರಣ. ಹೇಳುವಷ್ಟು ನನಗೆ ಗೊತ್ತಿರಲಿಲ್ಲ ಎಂಬುದು ಇನ್ನೊಂದು.

ಇದು ತೊಂಬತ್ತರ ದಶಕದ ಮಾತು. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ. ಬೆಂಗಳೂರಿಗೆ ತರಬೇತಿಗೆ ಹೋದಾಗ ಗಂಟುಬಿದ್ದ ಗೆಳೆಯನೊಬ್ಬನಿಗೆ ಈ ಹುಚ್ಚಿತ್ತು. ಅವನ ಮನೆಯಲ್ಲಿ ಗೋಡೆಯುದ್ದಕ್ಕೂ ರೆಕಾರ್ಡು, ಮೂಲೆಯಲ್ಲಿ ಎತ್ತಿಗಿಂತ ತೂಕದ ಆಂಪ್ಲಿಫೈಯರು. ಅವನು ನನಗೆ ಮೊದಲು ಕೊಟ್ಟದ್ದು ಸಂಗೀತವಲ್ಲ, ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಅದರಲ್ಲಿ ಒಂದೊಂದು ಒಪೆರಾಕ್ಕೂ ಹತ್ತಾರು ರೆಕಾರ್ಡಿಂಗು, ಒಂದೊಂದಕ್ಕೂ ಚುಕ್ಕಿ ಹಾಕಿ ಅಂಕ. ಇವಳ ಕಂಠ ಬೆಣ್ಣೆ, ಅವನದು ಕಂಚು, ಇನ್ನೊಬ್ಬನಿಗೆ ವಯಸ್ಸಾಗಿದೆ, ಮತ್ತೊಬ್ಬನಿಗೆ ಇಟಾಲಿಯನ್ ಬರುವುದಿಲ್ಲ. ಒಂದೇ ಹಾಡನ್ನು ಹತ್ತು ಜನ ಹಾಡಿದ್ದನ್ನು ಎದುರುಬದುರು ಇಟ್ಟು ಜಗಳ ಮಾಡುವುದೇ ನಿಜವಾದ ರಸಿಕತೆ ಎಂದು ಪುಸ್ತಕ ಓದಿ ತಿಳಿದೆ. ನನಗೆ ಸಂಗೀತಕ್ಕಿಂತ ಮೊದಲು ಹಿಡಿಸಿದ್ದು ಆ ಜಗಳ.

ನಾನು ಆರಿಸಿಕೊಂಡದ್ದು ಪುಚ್ಚಿನಿಯ 'ಲಾ ಬೊಯೆಮ್'. ಕಥೆ ಸಣ್ಣದು. ಪ್ಯಾರಿಸ್ಸಿನ ಒಂದು ಅಟ್ಟದ ಕೋಣೆಯಲ್ಲಿ ನಾಲ್ಕು ಜನ ಬಡ ಗೆಳೆಯರು. ಚಳಿ ತಡೆಯಲಾರದೆ ಕವಿ ರೊದೋಲ್ಫೊ ತಾನು ಬರೆದ ನಾಟಕವನ್ನೇ ಒಲೆಗೆ ಹಾಕುತ್ತಾನೆ. ಪಕ್ಕದ ಕೋಣೆಯ ಮಿಮಿ ಆರಿಹೋದ ಮೇಣದಬತ್ತಿ ಹಚ್ಚಿಕೊಳ್ಳಲು ಬರುತ್ತಾಳೆ, ಬೀಗದ ಕೈ ಬೀಳಿಸಿಕೊಳ್ಳುತ್ತಾಳೆ. ಇಬ್ಬರೂ ಕತ್ತಲಲ್ಲಿ ನೆಲ ತಡಕುತ್ತಾರೆ. ಅವನಿಗೆ ಬೀಗದ ಕೈ ಸಿಗುತ್ತದೆ, ಜೇಬಿಗೆ ಹಾಕಿಕೊಂಡು ಸಿಗದವನ ಹಾಗೆ ಇರುತ್ತಾನೆ. ಆಮೇಲೆ ಅವಳ ಕೈ ಸಿಗುತ್ತದೆ. ಕೈ ತಣ್ಣಗಿದೆ ಎಂದು ಒಂದು ಹಾಡು. ಜಗತ್ತಿನ ಟೆನರ್‌ಗಳೆಲ್ಲ ಬಾಳುವುದೂ ಬೀಳುವುದೂ ಆ ಹಾಡಿನ ಮೇಲೆ. ಕೊನೆಯ ಅಂಕದಲ್ಲಿ ಮಿಮಿ ಕ್ಷಯದಿಂದ ಸಾಯುತ್ತಾಳೆ. ಇದಕ್ಕೆ ಪುಚ್ಚಿನಿ ಹಾಕಿದ ಸಂಗೀತ ಎರಡು ಗಂಟೆಗೆ ಸ್ವಲ್ಪ ಕಡಿಮೆ.

ಬ್ಯಾಂಕಿನ ಹಳೇ ಲೆಡ್ಜರೊಂದರ ಖಾಲಿ ಹಾಳೆಗಳಲ್ಲಿ ಗೆರೆ ಹಾಕಿ ಖಾತೆ ತೆರೆದೆ. 1946, ಟೋಸ್ಕನಿನಿ, ನ್ಯೂಯಾರ್ಕಿನ ರೇಡಿಯೋ ಪ್ರಸಾರ, ಲಿಚಿಯಾ ಅಲ್ಬನೇಸೆ ಮತ್ತು ಜಾನ್ ಪಿಯರ್ಸ್. 1956, ಬೀಚಮ್, ಅದೂ ನ್ಯೂಯಾರ್ಕು, ವಿಕ್ಟೋರಿಯಾ ದೆ ಲೋಸ್ ಆಂಹೆಲೆಸ್ ಮತ್ತು ಸ್ವೀಡನ್ನಿನ ಯೂಸಿ ಬ್ಯೋರ್ಲಿಂಗ್. ಅದೇ 1956ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಕಲ್ಲಾಸ್. ಆಕೆ ರಂಗದ ಮೇಲೆ ಒಮ್ಮೆಯೂ ಮಿಮಿ ಆಗಲಿಲ್ಲ, ರೆಕಾರ್ಡಿಗೆ ಮಾತ್ರ ಆದಳು. 1959, ರೋಮಿನಲ್ಲಿ ಸೆರಾಫಿನ್, ತೆಬಾಲ್ದಿ ಮತ್ತು ಕಾರ್ಲೊ ಬೆರ್ಗೊಂಜಿ. 1972, ಬರ್ಲಿನ್ನಿನಲ್ಲಿ ಕರಾಯನ್, ಮಿರೆಲ್ಲಾ ಫ್ರೇನಿ ಮತ್ತು ಪವರೊಟ್ಟಿ. ಹೆಸರಿನ ಮುಂದೆ ಕಂಠ, ಶ್ರುತಿ, ಭಾವ, ಉಸಿರು ಎಂದು ಅಂಕಣಗಳು. ಖಾತೆ ಪರಿಪೂರ್ಣವಾಗಿತ್ತು, ಜಮೆ ಮಾಡಲು ಕೇಳಿದ ಅನುಭವವೊಂದೇ ಬಾಕಿ.

ಈ ಹುಚ್ಚಿಗೆ ರಾಜಾಶ್ರಯವನ್ನೂ ಹುಡುಕಿಕೊಂಡಿದ್ದೆ. ಸುತ್ತಲಿನ ಬಳ್ಳಾರಿ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದಲ್ಲೂ ನಮ್ಮ ಮೊಳಕಾಲ್ಮೂರು ತಾಲ್ಲೂಕು ಮೈಸೂರು ಸಂಸ್ಥಾನದ್ದೇ. ಆ ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಆಳವಾಗಿ ಮುಳುಗಿದವರು. ಲಂಡನ್ನಿನ ಗ್ರಾಮಫೋನ್ ಕಂಪನಿಯ ವಾಲ್ಟರ್ ಲೆಗ್ ಮೈಸೂರಿಗೇ ಬಂದು ಅರಮನೆಯ ರೆಕಾರ್ಡು ಭಂಡಾರ ನೋಡಿ ಬೆರಗಾದ. ಹೋಗುವಾಗ ಅವನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡು ಕೊಡುವ ಮಾತು ಸಿಕ್ಕಿತ್ತು. ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರನ ರೆಕಾರ್ಡುಗಳೂ ಒಡೆಯರ ಖರ್ಚಿನಲ್ಲೇ ಬಂದವು. ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಬಂದದ್ದರ ಹಿಂದೆಯೂ ಮೈಸೂರಿನ ದುಡ್ಡಿತ್ತು. ಇದೇ ಲೆಗ್ 1953ರಲ್ಲಿ ಕಲ್ಲಾಸ್‌ಳ 'ಟೋಸ್ಕಾ' ರೆಕಾರ್ಡು ಮಾಡಿಸಿದ. ಆದಕಾರಣ ಆ ಟೋಸ್ಕಾದಲ್ಲಿ ನಮ್ಮ ತಾಲ್ಲೂಕಿನ ಕಂದಾಯದ ಪಾಲೂ ಇದೆ ಎಂಬುದು ನನ್ನ ಸಿದ್ಧಾಂತ. ಫಿಲ್‌ಹಾರ್ಮೋನಿಯಾ ಲಂಡನ್ನಿನದು, ಟೋಸ್ಕಾದ ಆರ್ಕೆಸ್ಟ್ರಾ ಮಿಲಾನಿನದು ಎಂದು ಅಡ್ಡಬಾಯಿ ಹಾಕುವವರು ರಾಂಪುರದಲ್ಲಿ ಇರಲಿಲ್ಲವಾದ್ದರಿಂದ ಸಿದ್ಧಾಂತ ಹಾಗೇ ನಿಂತಿತು.

ಗೆಳೆಯ ಐದು ಕ್ಯಾಸೆಟ್ ಕಳಿಸಿದ. ತಂತಿ ಜೋಡಿಸಿ ಕಾಪಿ ಮಾಡುವ ಸೌಕರ್ಯ ಅವನಲ್ಲಿತ್ತೋ ಇಲ್ಲವೋ, ಅವನು ಮಾಡಿದ್ದು ಮಾತ್ರ ಸ್ಪೀಕರಿನ ಮುಂದೆ ಟೇಪ್ ರೆಕಾರ್ಡರು ಇಟ್ಟು ಗುಂಡಿ ಒತ್ತಿದ್ದು. ಬೆಂಗಳೂರು–ಬಳ್ಳಾರಿ ರಾತ್ರಿ ಬಸ್ಸಿನ ಕಂಡಕ್ಟರು ಪೊಟ್ಟಣ ತಂದುಕೊಟ್ಟ. ಪ್ರತಿಯೊಂದರ ಮೇಲೂ ಹೆಸರು ಬರೆದ ಚೀಟಿ ಅಂಟಿಸಿತ್ತು. ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ನನ್ನ ಮಗಳು ಐದೂ ಚೀಟಿ ನೀಟಾಗಿ ಕಿತ್ತು ತನ್ನ ನೋಟ್ ಪುಸ್ತಕಗಳಿಗೆ ಅಂಟಿಸಿಕೊಂಡಿದ್ದಳು. ಅವಳ ಗಣಿತದ ಪುಸ್ತಕ ಆ ವರ್ಷವೆಲ್ಲ 'ತೆಬಾಲ್ದಿ–ಸೆರಾಫಿನ್' ಎಂಬ ಹೆಸರಿನಲ್ಲಿ ಶಾಲೆಗೆ ಹೋಗಿಬಂತು.

ಬೇರೆಯವನಾದರೆ ಫೋನ್ ಮಾಡಿ ಕೇಳುತ್ತಿದ್ದ. ನಾನು ಕೇಳಲಿಲ್ಲ. ಕಂಠ ಕೇಳಿ ಹೆಸರು ಹೇಳಲಾಗದವನು ಎಂಥ ರಸಿಕ? ಬಾಗಿಲು ಹಾಕಿಕೊಂಡು ಒಂದೊಂದೇ ಕೇಳಿ ಗುರುತು ಹಚ್ಚಿದೆ. ಟೋಸ್ಕನಿನಿ ಸುಲಭ, ಸದ್ದು ಒಣಕಲು. ಪವರೊಟ್ಟಿ ಸುಲಭ. ಕಲ್ಲಾಸ್ ಇನ್ನೂ ಸುಲಭ. ಉಳಿದ ಎರಡರಲ್ಲಿ ಒಂದನ್ನು ಭಾನುವಾರ ಮಧ್ಯಾಹ್ನ ಕರೆಂಟಿನಲ್ಲಿ ಕೇಳಿದೆ. ಹುಮ್ಮಸ್ಸಿನ ಕಂಠ, ಬೆಳ್ಳಿಯ ಅಂಚು. ಇದು ಬ್ಯೋರ್ಲಿಂಗ್ ಎಂದು ಬರೆದೆ. ಇನ್ನೊಂದನ್ನು ಕೇಳಿದ್ದು ರಾತ್ರಿ, ಕರೆಂಟು ಹೋದ ಮೇಲೆ, ಸೆಲ್ಲಿನ ಮೇಲೆ. ಅಲ್ಲಿನ ರೊದೋಲ್ಫೊನೇ ಬೇರೆ. ಮಾಗಿದ ದನಿ, ಗಂಭೀರ, ಅವಸರವಿಲ್ಲ. ಮಿಮಿಯ ಕೈ ಹಿಡಿಯುವಾಗಲೇ ಅವಳು ಬದುಕುವುದಿಲ್ಲವೆಂದು ಗೊತ್ತಿರುವವನ ವಿಷಾದ. ಇದು ಬೆರ್ಗೊಂಜಿ. ಲೆಡ್ಜರಿನ ಎರಡು ಪುಟ ತುಂಬ ಬರೆದೆ. ಬ್ಯೋರ್ಲಿಂಗ್‌ಗೆ ಯೌವನವಿದೆ, ಬೆರ್ಗೊಂಜಿಗೆ ಬದುಕಿನ ಅರಿವಿದೆ ಎಂಬ ವಾಕ್ಯವನ್ನು ಬರೆದು, ಕೆಳಗೆ ಗೆರೆ ಎಳೆದು, ನಾನೇ ಒಂದು ಸಲ ಗಟ್ಟಿಯಾಗಿ ಓದಿಕೊಂಡೆ. ಬೀಚಮ್ ರೆಕಾರ್ಡಿನಲ್ಲಿ ಮೇಣದಬತ್ತಿ ಆರುವ ಹೊತ್ತಿಗೆ ದೂರದಲ್ಲಿ ಒಂದು ಸಿಳ್ಳೆ ಕೇಳುತ್ತಿತ್ತು. ಪ್ಯಾರಿಸ್ಸಿನ ರೈಲು; ವಾತಾವರಣ ಕಟ್ಟುವುದರಲ್ಲಿ ಬೀಚಮ್ ಎತ್ತಿದ ಕೈ ಎಂದು ಅದನ್ನೂ ನಮೂದಿಸಿದೆ. ಬೆರ್ಗೊಂಜಿಯಲ್ಲೂ ಅಲ್ಲೇ ಸಿಳ್ಳೆ ಬಂತು, ಸ್ವಲ್ಪ ತಗ್ಗಿದ ದನಿಯಲ್ಲಿ. ರೋಮಿನ ರೈಲು ಇನ್ನೂ ದೂರ ಎಂದು ಬರೆದೆ.

ಇಷ್ಟು ಪಾಂಡಿತ್ಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಎಷ್ಟು ದಿನ ಇರುವುದು?

ನಮ್ಮ ಮನೆಯ ಎದುರಿನ ಗುಡಿಯ ಪೌಳಿಯಲ್ಲಿ ಆಗ ಜಾತ್ರೆಯ ನಾಟಕದ ತಾಲೀಮು ನಡೆಯುತ್ತಿತ್ತು. ಪ್ರತಿ ವರ್ಷದಂತೆ 'ಕುರುಕ್ಷೇತ್ರ'. ದುರ್ಯೋಧನ ಪಂಚಾಯಿತಿ ಮೆಂಬರು, ಖರ್ಚು ಹಾಕುವವನು ಅವನೇ ಆದ್ದರಿಂದ ಆ ಪಾತ್ರಕ್ಕೆ ಪೈಪೋಟಿಯಿಲ್ಲ. ಭೀಮ ಬಸ್ ಸ್ಟ್ಯಾಂಡಿನ ಪಂಕ್ಚರ್ ಅಂಗಡಿಯವನು. ದ್ರೌಪದಿ ಮಾತ್ರ ಬಳ್ಳಾರಿಯಿಂದ, ನಾಟಕದ ದಿನ ಬರುವವಳು. ತಾಲೀಮಿನಲ್ಲಿ ಅವಳ ಬದಲು ಒಂದು ಕುರ್ಚಿ ಇರುತ್ತಿತ್ತು. ಕಲಿಸುವ ಮೇಷ್ಟ್ರು ಎಪ್ಪತ್ತರ ಹತ್ತಿರದವರು. ಕಾಲಲ್ಲಿ ಗಾಳಿ ಒತ್ತುವ ಲೆಗ್ ಹಾರ್ಮೋನಿಯಂ ಅವರ ಆಸ್ತಿ. ಕಲಿಸುವುದು ಕನ್ನಡ, ಬಯ್ಯುವುದು ತೆಲುಗು. ನಮ್ಮ ಕಡೆ ಇದು ಸಹಜ; ಆಂಧ್ರದ ಗಡಿ ಕೂಗಳತೆ, ತೆಲುಗು ಹರಿಶ್ಚಂದ್ರನ ಪದ್ಯಗಳನ್ನು ಅರ್ಥ ಕೇಳದೆ ತಲೆದೂಗುವ ಕನ್ನಡದವರು ಊರಿಗೆ ಹತ್ತು ಜನ ಸಿಗುತ್ತಾರೆ. ಪಕ್ಕದ ಬಳ್ಳಾರಿಯಂತೂ ಇದರ ರಾಜಧಾನಿಯೇ. ಧರ್ಮವರಂ ರಾಮಕೃಷ್ಣಮಾಚಾರ್ಯರು ಅಲ್ಲಿ ಕೂತು ನಾಟಕಗಳಿಗೆ ಹಾಡು ಪದ್ಯ ತುಂಬಿದರು. ಅವರ ಸೋದರಳಿಯ, ವಕೀಲ ಬಳ್ಳಾರಿ ರಾಘವರು ಬಂದು ಹಾಡಿಗಿಂತ ಅಭಿನಯ ಮುಖ್ಯ ಎಂದರು. ಹಳ್ಳಿಗಳವರು ಮಾವನ ಮಾತನ್ನೇ ಉಳಿಸಿಕೊಂಡರು.

ತಾಲೀಮಿಗೆ ಒಂದು ರಾತ್ರಿ ದುರ್ಯೋಧನ ಕೈಕೊಟ್ಟ, ಬೆಳೆ ಸಾಲದ ಪಂಚಾಯಿತಿ ಎಲ್ಲೋ ಇತ್ತಂತೆ. ದುರ್ಯೋಧನನಿಲ್ಲದೆ ಯುದ್ಧ ನಡೆಯುವುದಿಲ್ಲ. ಎಲ್ಲರೂ ಬೀಡಿ ಹಚ್ಚಿ ಕೂತಿದ್ದರು. ನಾನು ಟೇಪ್ ರೆಕಾರ್ಡರು, ಐದು ಕ್ಯಾಸೆಟ್ಟು, ಲೆಡ್ಜರು ಹೊತ್ತು ಪೌಳಿಗೆ ಹೋದೆ. ನನ್ನವಳೂ ಮಗಳೂ ಹಿಂದಿನಿಂದ ಬಂದರು. ಗಂಡ ಏನೋ ಮಾಡಿಕೊಳ್ಳುತ್ತಾನೆ, ಕಣ್ಣಾರೆ ನೋಡೋಣ ಎಂಬ ಧೋರಣೆ ಅವಳದು.

"ಮೇಷ್ಟ್ರೇ, ಇದು ಇಟಲಿ ದೇಶದ ಕಂಪನಿ ನಾಟಕ. ಒಂದೇ ಹಾಡನ್ನ ಬೇರೆ ಬೇರೆಯವರು ಹಾಡಿದ್ದಾರೆ. ಯಾರದ್ದು ಮೇಲು ಅಂತ ತಿಳಿಸಿಕೊಡ್ತೀನಿ" ಅಂದೆ.

"ನೀವು ತಿಳಿಸಿಕೊಡ್ತೀರಾ? ಆಗ್ಲಿ ಬಿಡ್ರಿ ಸಾಮೇರ" ಅಂದರು ಮೇಷ್ಟ್ರು. ಆ ಮಾತಿನಲ್ಲಿ ಏನಿತ್ತೆಂದು ನನಗಾಗ ಗೊತ್ತಾಗಲಿಲ್ಲ.

ಮೊದಲು ಕಥೆ ಹೇಳಬೇಕಾಯಿತು. ಚಳಿಯ ಕಥೆಯನ್ನು ಏಪ್ರಿಲ್ ತಿಂಗಳಲ್ಲಿ, ರಾತ್ರಿ ಒಂಬತ್ತಕ್ಕೂ ಕಲ್ಲುಚಪ್ಪಡಿ ಕಾವು ಬಿಡದ ರಾಂಪುರದಲ್ಲಿ ಹೇಳುವುದು ಎಷ್ಟು ಕಷ್ಟ ಎಂದು ಪುಚ್ಚಿನಿಗೂ ತಿಳಿದಿರಲಾರದು. ಹುಡುಗಿಯ ಕೈ ತಣ್ಣಗಿತ್ತು ಎಂದಾಗ ಭೀಮ ಬೀಡಿ ಕೆಳಗಿಟ್ಟು "ಪುಣ್ಯವಂತ" ಅಂದ. ಕವಿ ತನ್ನ ನಾಟಕವನ್ನೇ ಸುಟ್ಟ ಎಂದಾಗ ಮೇಷ್ಟ್ರ ಮುಖ ಕಪ್ಪಿಟ್ಟಿತು.

"ಬೇರೆ ಪ್ರತಿ ಇತ್ತಾ?"

"ಇರಲಿಲ್ಲ ಅನ್ಸುತ್ತೆ."

"ಪಾರ್ಟುಗಳು ಎಲ್ರಿಗೂ ಬಾಯಿಪಾಠ ಆಗಿದ್ವಾ?"

"ಅದು ಗೊತ್ತಿಲ್ಲ ಮೇಷ್ಟ್ರೇ."

"ಮತ್ತೆ ಹೆಂಗೆ ಸುಟ್ಟ? ಸೌದೆ ಸಿಗದಿದ್ರೆ ಸೀನರಿ ಕಟ್ಟಿಗೆ ಸುಡ್ಬೇಕಿತ್ತು."

ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮಿಮಿಗೆ ಕ್ಷಯ ಎಂದ ಕೂಡಲೇ ಕಂಬಕ್ಕೊರಗಿ ಕೂತಿದ್ದ ಅಜ್ಜಿಯೊಬ್ಬಳು, ಕೆಮ್ಮೋ ಹುಡುಗಿಯ ಮುಂದೆ ಹಾಡು ಹೇಳಿಕೊಂಡು ಕೂತವರಲ್ಲಿ ಒಬ್ಬನಾದರೂ ಬಳ್ಳಾರಿಗೆ ಕರೆದುಕೊಂಡು ಹೋಗಬಾರದಿತ್ತೇ ಎಂದು ಆ ನಾಲ್ಕೂ ಜನರಿಗೆ ಶಾಪ ಹಾಕಿದಳು. ಸಾಯುವಾಗಲೂ ಹಾಡುತ್ತಾಳೆ ಎಂದು ನಾನು ತುಸು ಅಳುಕುತ್ತಲೇ ಹೇಳಿದೆ. ಬೆಂಗಳೂರಿನಲ್ಲಿ ಇದನ್ನು ಹೇಳಿದಾಗ ನಕ್ಕಿದ್ದರು. ಇಲ್ಲಿ ಯಾರೂ ನಗಲಿಲ್ಲ. ಸಾಯುವವರು ಹಾಡದೆ ಇನ್ನೇನು ಮಾಡುತ್ತಾರೆ? ಹಿಂದಿನ ವರ್ಷ ನಮ್ಮೂರ ಕರ್ಣ ಬಾಣ ಚುಚ್ಚಿಸಿಕೊಂಡು ಬಿದ್ದವನು ಒನ್ಸ್ ಮೋರ್ ಎಂದದ್ದಕ್ಕೆ ಎದ್ದು, ಅದೇ ಪದ್ಯ ಮತ್ತೆ ಹಾಡಿ, ಮುಯ್ಯಿ ಕೊಟ್ಟವರಿಗೆ ಕೈಮುಗಿದು ಮತ್ತೆ ಬಿದ್ದಿದ್ದ.

ಮಿಮಿಯ ಔಷಧಿಗೆಂದು ಗೆಳೆಯ ಕೋಲಿನ್ ತನ್ನ ಹಳೇ ಕೋಟು ಮಾರುತ್ತಾನೆ, ಮಾರುವ ಮುಂಚೆ ಕೋಟಿಗೊಂದು ಹಾಡು ಹೇಳುತ್ತಾನೆ. ಇದನ್ನು ಕೇಳಿ ಮೇಷ್ಟ್ರು, "ಕೋಟು ಮಾರೋಕೇ ಒಂದು ಹಾಡು ಅಂದ್ರೆ, ಹೆಂಡ್ತಿ ಮಗನ್ನ ಮಾರಿದ ಹರಿಶ್ಚಂದ್ರಂಗೆ ನಾವು ಕೊಟ್ಟಿರೋದು ಕಮ್ಮೀನೇ" ಅಂದರು. ನಾನು ಪುಸ್ತಕದ ಜ್ಞಾನ ಹೊರತೆಗೆದೆ. ಮಹಾನ್ ಟೆನರ್ ಕರೂಸೊ ಒಮ್ಮೆ ಫಿಲಡೆಲ್ಫಿಯಾದಲ್ಲಿ ರೊದೋಲ್ಫೊ ಆಗಿದ್ದಾಗ ಕೋಟಿನ ಹಾಡು ಹಾಡಬೇಕಾದವನ ಗಂಟಲು ಕಟ್ಟಿತು. ಅವನ ಬದಲು ಕರೂಸೊನೇ ಆ ಕೆಳದನಿಯ ಹಾಡನ್ನೂ ಹಾಡಿಬಿಟ್ಟ. ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. 1916ರಲ್ಲಿ ಅದನ್ನು ರೆಕಾರ್ಡೂ ಮಾಡಿದ. ಇದು ಜಗತ್ತಿನ ಅದ್ಭುತಗಳಲ್ಲೊಂದು ಎಂಬ ದನಿಯಲ್ಲಿ ಹೇಳಿ ಮುಗಿಸಿದೆ. ಮೇಷ್ಟ್ರು ಭೀಮನ ಕಡೆ ಬೆರಳು ಮಾಡಿದರು. "ಹೋದ ವರ್ಷ ಇವನ ಗಂಟಲು ಕೂತಿತ್ತು. ಗದೆ ಇವನು ತಿರುಗಿಸಿದ, ಪದ್ಯ ಸೈಡ್ ವಿಂಗಿಂದ ನಾನು ಹೇಳ್ದೆ. ಎರಡು ಸಾವಿರ ಜನ." ಆಮೇಲೆ ಸ್ವಲ್ಪ ತಡೆದು, "ರೆಕಾರ್ಡು ಮಾಡೋರು ಬರ್ಲಿಲ್ಲ" ಅಂದರು.

ರೆಕಾರ್ಡು ಮಾಡುವವರ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಆ ಕರೂಸೊನನ್ನು 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ಕೋಣೆಯೊಂದರಲ್ಲಿ ರೆಕಾರ್ಡು ಮಾಡಿದ ಫ್ರೆಡ್ ಗೈಸ್‌ಬರ್ಗ್ ಅದೇ ವರ್ಷದ ನವೆಂಬರಿಗೆ ಕಲ್ಕತ್ತೆಗೆ ಬಂದು ಗೋಹರ್ ಜಾನ್‌ಳನ್ನು ರೆಕಾರ್ಡು ಮಾಡಿದ. ಅದೇ ಗೋಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಇದನ್ನೂ ಆ ರಾತ್ರಿ ಹೇಳಿದೆ. ಇದೊಂದಕ್ಕೆ ಮೇಷ್ಟ್ರು ನಿಜವಾಗಿ ತಲೆಯೆತ್ತಿ ನನ್ನನ್ನು ನೋಡಿದರು. ಅವರ ತಂದೆಯ ಹತ್ತಿರ ಗೋಹರ್ ಜಾನ್‌ಳ ಒಂದು ಪ್ಲೇಟು ಇತ್ತಂತೆ, ಮೇಲೆ ಕೂತು ಒಡೆದದ್ದು ಇವರೇ ಅಂತೆ.

ಆಮೇಲೆ ಕ್ಯಾಸೆಟ್ಟು. ಮೊದಲು ಪವರೊಟ್ಟಿಯನ್ನು ಹಾಕಿದೆ. ಯಾರನ್ನಾದರೂ ಗೆಲ್ಲಬೇಕಾದರೆ ಅವನಿಂದ ಶುರುಮಾಡಬೇಕು ಎಂದು ಗೆಳೆಯನೂ ಹೇಳಿದ್ದ. ಎತ್ತರದ ಸ್ವರ ಬಂದಾಗ ಪೌಳಿಯ ಬಾವಲಿಗಳು ಒಂದು ಸುತ್ತು ಹಾರಿ ಕೂತವು. ಭೀಮನ ಬಾಯಿ ತೆರೆದೇ ಇತ್ತು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ, "ಗಂಟಲು ದೇವರದ್ದು. ಆದ್ರೆ ಇದು ಉಪವಾಸ ಇರೋನ ದನಿ ಅಲ್ಲ ಸಾಮೇರ, ಉಂಡು ಬಂದೋನ್ದು" ಅಂದರು. ಪವರೊಟ್ಟಿಯ ಗಾತ್ರವನ್ನು ನಾನು ಅವರಿಗೆ ಹೇಳಿರಲಿಲ್ಲ. ಅವನೂ ಮಿಮಿಯ ಪಾತ್ರದ ಮಿರೆಲ್ಲಾ ಫ್ರೇನಿಯೂ ಮೊದೆನಾ ಎಂಬ ಒಂದೇ ಊರಿನವರು, ಇಬ್ಬರೂ 1935ರಲ್ಲಿ ಹುಟ್ಟಿದವರು, ತಾಯಂದಿರು ಒಂದೇ ತಂಬಾಕು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ಮಕ್ಕಳಿಗೆ ಹಾಲೂಡಿಸುವ ದಾದಿಯೂ ಒಬ್ಬಳೇ. ಹಾಲು ಯಾರ ಪಾಲಿಗೆ ಹೋಯಿತೆಂದು ನೋಡಿದರೇ ಗೊತ್ತಾಗುತ್ತದೆ ಎಂದು ಫ್ರೇನಿ ನಗೆಯಾಡುತ್ತಿದ್ದಳಂತೆ. ಕಂಬದ ಅಜ್ಜಿಗೆ ಈ ಇಡೀ ಸಂಜೆಯಲ್ಲಿ ಹಿಡಿಸಿದ್ದು ಇದೊಂದೇ. ಹಾಗಾದರೆ ಅವರಿಬ್ಬರೂ ಅಣ್ಣತಂಗಿಯಾದರು, ಗಂಡುಹೆಣ್ಣಿನ ಪಾರ್ಟು ಹೆಂಗೆ ಕೊಟ್ಟರು ಎಂದು ಕೇಳಿದಳು.

ಎರಡನೆಯದು ನನ್ನ ಬ್ಯೋರ್ಲಿಂಗ್. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಮೇಷ್ಟ್ರ ಕಾಲು ತಾನಾಗಿ ಹಾರ್ಮೋನಿಯಂ ಒತ್ತತೊಡಗಿತು. ಒಂದು ಕರಿ ಮನೆಯ ಮೇಲೆ ಬೆರಳಿಟ್ಟು ಸಣ್ಣಗೆ ಶ್ರುತಿ ಹಿಡಿದರು. "ಕರಿ ನಾಲ್ಕು. ಚೊಲೋ ನಿಂತಾನೆ." ತುದಿಯ ಸ್ವರ ಬಂದಾಗ "ಮ್ಯಾಲಿನ ಬಿಳಿ ಒಂದು ಮುಟ್ದ, ಮುಟ್ಟಿದ್ದು ಗೊತ್ತಾಗದಂಗೆ ಇಳ್ದ. ಇವನಿಗೆ ಗುರು ಇದ್ದಾನೆ" ಅಂದರು. ನಾನು ಲೆಡ್ಜರು ತೆಗೆದು, ಆ ಸ್ವರಕ್ಕೆ ಹೈ ಸಿ ಎನ್ನುತ್ತಾರೆ, ಏರದವರು ಇಡೀ ಹಾಡನ್ನೇ ಅರ್ಧ ಸ್ವರ ಇಳಿಸಿ ಹಾಡುವ ರೂಢಿಯುಂಟು, ಬಲ್ಲವರು ಮಾತ್ರ ಅದನ್ನು ಕಂಡುಹಿಡಿಯುತ್ತಾರೆ ಎಂದು ವಿವರಿಸಿದೆ. ಬಲ್ಲವರು ಎನ್ನುವಾಗ ನನ್ನ ಕೈ ಎದೆಯ ಮೇಲಿತ್ತು ಎಂದು ನನ್ನವಳು ಇವತ್ತಿಗೂ ಸಾಧಿಸುತ್ತಾಳೆ.

ಬೆರ್ಗೊಂಜಿಯನ್ನು ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಯಾರೋ ಲಾಟೀನು ಹಚ್ಚಿದರು. ಸೆಲ್ಲುಗಳು ಇದ್ದೇ ಇದ್ದವು. ನಾನು ಲಾಟೀನಿನ ಬೆಳಕಿನಲ್ಲಿ ಎರಡು ಪುಟದ ಟಿಪ್ಪಣಿಯನ್ನು ಓದಿದೆ. ಯೌವನ, ಬದುಕಿನ ಅರಿವು, ಮುನ್ನವೇ ತಿಳಿದ ಸಾವು, ಎಲ್ಲ. ಓದಿ ಗುಂಡಿ ಒತ್ತಿದೆ. ಗಂಭೀರವಾದ ದನಿ ಪೌಳಿಯನ್ನು ತುಂಬಿತು. ಭೀಮ "ಇವನು ವಯಸ್ಸಾದೋನು" ಎಂದು ಒಪ್ಪಿಕೊಂಡ. ನನಗೆ ಸಂತೋಷವಾಯಿತು.

ಮೇಷ್ಟ್ರ ಬೆರಳು ಕರಿ ನಾಲ್ಕರ ಮೇಲೆ ಹೋಯಿತು. ಕೂಡಲಿಲ್ಲ. ಪಕ್ಕದ ಬಿಳಿ ಐದಕ್ಕೆ ಇಳಿಯಿತು. ಕೂಡಿತು. ನನಗೆ ಆನಂದ ತಡೆಯಲಾಗಲಿಲ್ಲ.

"ನೋಡಿದ್ರಾ ಮೇಷ್ಟ್ರೇ! ಬೆರ್ಗೊಂಜಿ ಅರ್ಧ ಸ್ವರ ಇಳಿಸಿದ್ದಾನೆ!"

ಮೇಷ್ಟ್ರು ಸುಮ್ಮನೆ ಬೆರಳು ಒತ್ತಿ ಹಿಡಿದೇ ಇದ್ದರು. ಸ್ವಲ್ಪ ಹೊತ್ತಿಗೆ ಬಿಳಿ ಐದೂ ಕೂಡದಾಯಿತು. ಅವರು ಕರಿ ಮೂರಕ್ಕೆ ಬಂದರು.

"ಹಾಡ್ತಾ ಹಾಡ್ತಾ ಶ್ರುತಿ ಇಳ್ಸೋ ಹಾಡುಗಾರನ್ನ ನಾನು ನೋಡೀನಿ. ಹಾಡುಗಾರನ ಜೊತಿಗೆ ಪಿಟೀಲು, ತುತ್ತೂರಿ, ಎಲ್ಲಾ ಸೇರಿ ಇಳಿಯೋದನ್ನ ನೋಡಿಲ್ಲ ಸಾಮೇರ. ಇಳ್ದಿರೋದು ಅವನಲ್ಲ. ನಿಮ್ಮ ಸೆಲ್ಲು."

ಅಷ್ಟರಲ್ಲಿ ಮಿಮಿ ಹಾಡತೊಡಗಿದ್ದಳು. ಸೆಲ್ಲಿನ ಕೊನೆಯುಸಿರಿನಲ್ಲಿ ಅವಳ ದನಿ ಶಕುನಿಯದಾಗಿತ್ತು. ಪಾಂಡವರೆಲ್ಲ ಉರುಳಾಡಿ ನಕ್ಕರು. ನಾನು ಸಾವರಿಸಿಕೊಂಡು, ಸೆಲ್ಲಿನ ಮಾತು ಹಾಗಿರಲಿ, ಶೈಲಿ ಬೇರೆಯೇ ಇದೆಯಲ್ಲ, ಬ್ಯೋರ್ಲಿಂಗನ ಉಸಿರಿಗೂ ಬೆರ್ಗೊಂಜಿಯ ಉಸಿರಿಗೂ ವ್ಯತ್ಯಾಸವಿದೆಯಲ್ಲ ಎಂದು ಶುರು ಮಾಡಿದೆ. ಪಂಕ್ಚರ್ ಅಂಗಡಿಯಿಂದ ಹೊಸ ಸೆಲ್ಲು ತರಿಸಿದರು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ್ದಾಯಿತು. ಕರಿ ನಾಲ್ಕು ಗಟ್ಟಿಯಾಗಿ ನಿಂತಿತು. ಬೆಳ್ಳಿಯ ಅಂಚು, ಹುಮ್ಮಸ್ಸು, ಯೌವನ ಎಲ್ಲ ಮರಳಿ ಬಂದವು. ಮೇಣದಬತ್ತಿ ಆರುವ ಜಾಗದಲ್ಲಿ ರೋಮಿನ ರೈಲು ಸಿಳ್ಳೆ ಹಾಕಿತು.

"ರೀ, ಅದು ಕುಕ್ಕರ್ರು" ಅಂದಳು ನನ್ನವಳು.

"ಏನು?"

"ಕುಕ್ಕರ್ ಸೀಟಿ. ಆಗಿನ ಕ್ಯಾಸೆಟ್ಟಲ್ಲೂ ಇಲ್ಲೇ ಕೂಗ್ತು. ಹಿಂದೇನೇ ಒಂದು ಹೆಂಗಸು ಗ್ಯಾಸ್ ಆಫ್ ಮಾಡು ಅಂತಾಳೆ, ಕೇಳಿ."

ಮತ್ತೆ ಸುತ್ತಿ ಕೇಳಿದೆವು. ಪ್ಯಾರಿಸ್ಸಿನ ಅಟ್ಟದ ಕೋಣೆಯಲ್ಲಿ, ಮಿಮಿ ಬೀಗದ ಕೈ ಹುಡುಕುತ್ತಿರುವಾಗ, ದೂರದಲ್ಲಿ ನನ್ನ ಗೆಳೆಯನ ಹೆಂಡತಿ ಸ್ಪಷ್ಟ ಕನ್ನಡದಲ್ಲಿ ಗ್ಯಾಸ್ ಆಫ್ ಮಾಡಲು ಹೇಳುತ್ತಿದ್ದಳು. ಬ್ಯೋರ್ಲಿಂಗ್ ಕ್ಯಾಸೆಟ್ಟಿನಲ್ಲೂ ಅಲ್ಲೇ, ಅದೇ ಗ್ಯಾಸು. ಗೆಳೆಯ ಒಂದೇ ರೆಕಾರ್ಡಿಂಗಿನ ಎರಡು ಕಾಪಿ ಕಳಿಸಿಬಿಟ್ಟಿದ್ದ. ಬೆರ್ಗೊಂಜಿ ಬೆಂಗಳೂರು ಬಿಟ್ಟು ಹೊರಟೇ ಇರಲಿಲ್ಲ. ಬದುಕಿನ ಅರಿವಿಗಾಗಿ ನಾನು ಅವನಿಗೆ ಕೊಟ್ಟ ಎರಡು ಪುಟದ ಅಂಕಗಳು ಒಂದು ಜೋಡಿ ಸೋತ ಸೆಲ್ಲಿಗೆ ಸೇರಿದ್ದವು.

ಲೆಡ್ಜರು ಮುಚ್ಚಿ ಎದ್ದೆ. ಮೇಷ್ಟ್ರು ಬಿಡಲಿಲ್ಲ. ಉಳಿದದ್ದನ್ನೂ ಹಾಕಿ ಅಂದರು. ಹೊಸ ಸೆಲ್ಲು ಸುಮ್ಮನೆ ಹಾಳಾಗಬಾರದು ಎಂಬುದು ಭೀಮನ ನಿಲುವೂ ಆಗಿತ್ತು. ಟೋಸ್ಕನಿನಿಯನ್ನು ಹಾಕಿದೆ, ಮಾತಿಲ್ಲದೆ. ಪುಸ್ತಕ ಅದಕ್ಕೆ ಅಂಕ ಕಡಿಮೆ ಕೊಟ್ಟಿತ್ತು. ರೇಡಿಯೋ ಸ್ಟುಡಿಯೋದ ಸದ್ದು ಒಣಗಿದೆ, ಸಾಲದ್ದಕ್ಕೆ ನಿರ್ದೇಶಕ ಹಾಡುಗಾರರ ಜೊತೆ ತಾನೂ ಗೊಗ್ಗರು ದನಿಯಲ್ಲಿ ಗುನುಗುತ್ತಾನೆ ಎಂದು. ಆ ಗುನುಗು ಕೇಳಿದ್ದೇ ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

"ಹಿಂದೆ ಯಾರೋ ಮುದುಕ ಹಾಡ್ತಾವ್ನೆ. ಯಾರು?"

"ಅವರು ಹಾಡೋರಲ್ಲ. ಎಲ್ಲರನ್ನೂ ನಡೆಸೋರು. ಟೋಸ್ಕನಿನಿ ಅಂತ."

"ಅಂದ್ರೆ ಮೇಷ್ಟ್ರು."

"ಹ್ಞೂಂ. ಆಗ 78 ವರ್ಷ. ಈ ನಾಟಕ ಮೊದಲ ಸಲ 1896ರಲ್ಲಿ ತೂರಿನ್‌ನಲ್ಲಿ ಆದಾಗ ಕಲಿಸಿ ನಡೆಸಿದ್ದೂ ಅವರೇ. ಇದು ಐವತ್ತು ವರ್ಷ ಆದಮೇಲಿನದು."

ಮೇಷ್ಟ್ರು ಹಾರ್ಮೋನಿಯಂ ಮುಟ್ಟಲಿಲ್ಲ. ಹಾಡು ಮುಗಿಯುವವರೆಗೂ, ಆಮೇಲೆ ಮಿಮಿಯ ಹಾಡೂ ಮುಗಿಯುವವರೆಗೂ, ಮುದುಕನ ಗುನುಗು ಎಲ್ಲೆಲ್ಲಿ ಬರುತ್ತದೆಂದು ಕಿವಿಗೊಟ್ಟು ಕೂತರು. ಒಂದೆರಡು ಕಡೆ ಅವರ ತುಟಿಯೂ ಅಲ್ಲಾಡಿತು.

"ಇದೇ ಮೇಲು" ಅಂದರು. "ಮಿಕ್ಕವರೆಲ್ಲ ಚೆಂದಾಗಿ ಹಾಡ್ಯಾರೆ. ಇಲ್ಲಿ ಕಲಿಸಿದೋನೇ ಕೂತವ್ನೆ. ಪದ್ಯ ಎಲ್ಲಿ ತಪ್ಪೀತೋ ಅಂತ ಅವನ ಜೀವ ಬಾಯಿಗೆ ಬಂದೈತೆ."

ಪುಸ್ತಕದಲ್ಲಿ ಹಾಗಿಲ್ಲ ಎಂದು ನಾನು ಹೇಳಲು ಹೊರಟೆ. ಭೀಮ ನನ್ನ ಲೆಡ್ಜರಿನ ಕಡೆ ನೋಡಿದ. ಹೇಳಲಿಲ್ಲ.

ಮರುದಿನದಿಂದ ನನ್ನ ಟೇಪ್ ರೆಕಾರ್ಡರು ತಾಲೀಮಿನ ಸಾಮಾನಾಯಿತು. ದುರ್ಯೋಧನ ತನ್ನ ಪದ್ಯ ತಾನೇ ಕೇಳಿ ತಿದ್ದಿಕೊಳ್ಳಲಿ ಎಂದು ಮೇಷ್ಟ್ರು ಅದರಲ್ಲಿ ಎಲ್ಲರನ್ನೂ ರೆಕಾರ್ಡು ಮಾಡಿಸಿದರು. ಖಾಲಿ ಕ್ಯಾಸೆಟ್ಟು ಸಾಲದಾದಾಗ ಹೇಗೂ ಎರಡೆರಡು ಇದೆಯಲ್ಲ ಎಂದು ಬ್ಯೋರ್ಲಿಂಗನ ಒಂದು ಕಾಪಿಯ ಮೇಲೆಯೇ ಮಾಡಿದರು. ಜಾತ್ರೆ ಮುಗಿದು, ನಾಟಕವೂ ಆಗಿ, ನನಗೆ ಇದ್ಯಾವುದೂ ನೆನಪಿಲ್ಲದ ಹೊತ್ತಿನಲ್ಲಿ ಐದೂ ಕ್ಯಾಸೆಟ್ಟನ್ನು ಗೆಳೆಯನಿಗೆ ವಾಪಸು ಕಳಿಸಿದೆ.

ಅವನಿಂದ ಕಾಗದ ಬಂತು. ಮೊದಲ ಪುಟ ತುಂಬ ನನ್ನ ಅಭಿಪ್ರಾಯಗಳಿಗಾಗಿ ಕಾಯುತ್ತಿರುವುದಾಗಿ ಬರೆದಿದ್ದ. ಎರಡನೇ ಪುಟದಲ್ಲಿ ಒಂದು ಸಂದೇಹ. ಒಂದು ಕ್ಯಾಸೆಟ್ಟಿನ ಕೊನೆಗೆ, ಸಂಗೀತ ತುಂಡಾದ ಮೇಲೆ, ಬೇರೆ ಯಾವುದೋ ರೆಕಾರ್ಡಿನ ತುಣುಕು ಸೇರಿಕೊಂಡಿದೆ. ಮಾತಿಲ್ಲ, ಬರೀ 'ಆ'ಕಾರದ ಒಂದು ಆಲಾಪ, ಟೇಪು ಮುಗಿಯುವವರೆಗೆ ಒಂದೇ ಉಸಿರು. ಇಷ್ಟು ಅಗಲವಾದ ಬಾಸ್ ಕಂಠ ತಾನು ಕೇಳಿಲ್ಲ. ಜೊತೆಗಿರುವುದು ಚರ್ಚಿನ ಆರ್ಗನ್ನಿರಬೇಕು. ರಷ್ಯನ್ನನೋ ಬಲ್ಗೇರಿಯದವನೋ? ಯಾವ ವರ್ಷ, ಯಾವ ಕಂಪನಿಯ ರೆಕಾರ್ಡು? ನನ್ನ ಕಿವಿಯ ಮೇಲೆ ತನಗೆ ಭರವಸೆಯಿದೆ, ಗುರುತು ಹಿಡಿದು ತಿಳಿಸಬೇಕು.

ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಆ ಬೆಳಿಗ್ಗೆಯಷ್ಟೇ ನನ್ನ ಸೈಕಲ್ಲಿಗೆ ಅವನೇ ಗಾಳಿ ಹಾಕಿದ್ದ.